ಎರಡು ಕಿಲೋಮೀಟರಿಗೊಂದು ಜೀಪು

"ಸೆಕೆಂಡ್ ಹ್ಯಾಂಡ್ ಜೀಪ್ ಒಂದು ತಗೊಳ್ಳೋಣ ಅಂತಿದ್ದೀನಿ" ಅಂದಾಗ ಹೆಂಡತಿ ನಕ್ಕಳು. ಆಫೀಸಿನ ಗೆಳೆಯ ನನಗಿಂತ ಹೆಚ್ಚು ಹುರುಪಾದ. ಊರಲ್ಲಿರುವ ಅಪ್ಪ ಮಾತ್ರ ಫೋನಿನಲ್ಲಿ ಒಂದು ಕ್ಷಣ ಸುಮ್ಮನಿದ್ದು, "ಎಂತಕ್ಕೋ ಅದು? ನೀನೇನು ಬೆಂಗಳೂರಲ್ಲಿ ಗದ್ದೆ ಮಾಡ್ತೀಯಾ?" ಅಂದರು.

ಎಲ್ಲರಿಗೂ ನಾನು ಕೊಟ್ಟ ಉತ್ತರ ಒಂದೇ. "ವೀಕೆಂಡಿಗೆ ಓಡಾಡೋಕೆ." ಕೊಡಚಾದ್ರಿ, ಬಿಸಿಲೆ, ಮುಳ್ಳಯ್ಯನಗಿರಿ ಅಂತ ನಾಲ್ಕು ಹೆಸರು ಸೇರಿಸಿ ಹೇಳಿದರೆ ಕೇಳಿದವರೂ ಒಪ್ಪಿಕೊಳ್ಳುತ್ತಿದ್ದರು. ಆದರೆ ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿದ್ದದ್ದು ಇವ್ಯಾವುವೂ ಅಲ್ಲ, ನಮ್ಮ ಮನೆಯ ದಾರಿ.

ನಮ್ಮೂರು ಹೊಸನಗರ ತಾಲೂಕಿನಲ್ಲಿ, ನಗರದಿಂದ ಒಳಗೆ. ನಗರ ಅಂದರೆ ಸಿಟಿ ಅಲ್ಲ ಸ್ವಾಮೀ, ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. ಆಚೆಗೆ ಹುಲಿಕಲ್ ಘಾಟಿ. ಮಳೆಯ ವಿಷಯದಲ್ಲಿ ಆಗುಂಬೆಯ ಜೊತೆ ಪೈಪೋಟಿಗೆ ಬೀಳುವ ಜಾಗ. ಬೆಂಗಳೂರಿನಿಂದ 350 ಕಿ.ಮೀ. ದಾಟುತ್ತದೆ. ಅಷ್ಟೂ ದೂರ ಈಗ ಒಳ್ಳೆಯ ರಸ್ತೆಯೇ. ತೊಂದರೆ ಇರುವುದು ಡಾಂಬರು ಮುಗಿದ ಮೇಲಿನ ಎರಡು ಕಿಲೋಮೀಟರಿನಲ್ಲಿ. ಮೊದಲು ಕೆಮ್ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದರೆ ಮನೆಯ ತನಕ ಏರು. ಬೇಸಿಗೆಯಲ್ಲಿ ನನ್ನ ಪುಟ್ಟ ಕಾರು ಏದುಸಿರು ಬಿಡುತ್ತಾ ಹತ್ತುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಕಾರು ಡಾಂಬರು ರಸ್ತೆಯ ಅಂಗಡಿಯ ಪಕ್ಕ, ನಾವು ಕೊಡೆ ಹಿಡಿದುಕೊಂಡು ನಡಿಗೆಯಲ್ಲಿ. ಆ ಕಡೆ ನಮ್ಮದೂ ಸೇರಿ ಎಂಟು ಮನೆ. ಬಹುತೇಕ ಮನೆಗಳಲ್ಲಿ ಈಗ ಇರುವುದು ಅರವತ್ತು ದಾಟಿದವರು ಮಾತ್ರ.

ಎರಡು ವರ್ಷದ ಹಿಂದೆ ಜುಲೈನಲ್ಲಿ ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಬಂತು, ಆದರೆ ಡಾಂಬರು ರಸ್ತೆಯ ತನಕ. ಅದರಿಂದ ಮುಂದೆ ಬರುವುದು ಅದಕ್ಕೆ ಸಾಧ್ಯವಿರಲಿಲ್ಲ, ತಪ್ಪು ಅದರದ್ದಲ್ಲ. ಆ ಎರಡು ಕಿಲೋಮೀಟರ್ ಅಮ್ಮನನ್ನು ದಾಟಿಸಿದ್ದು ಕೆಳಗಿನ ಮನೆಯ ಜೀಪಣ್ಣ. ಹೆಸರು ಬೇರೆ ಇದೆ, ಆದರೆ ಊರಿಗೆಲ್ಲ ಅವರು ಜೀಪಣ್ಣನೇ. ಅವರ ಹಳೆಯ ಡೀಸೆಲ್ ಜೀಪಿನಲ್ಲಿ ಅಡಿಕೆ ಚೀಲ ಹೋಗಿದೆ, ಮದುವಣಗಿತ್ತಿಯರು ಹೋಗಿದ್ದಾರೆ, ಬಾಣಂತಿಯರು ಬಂದಿದ್ದಾರೆ, ನಾವು ಹುಡುಗರು ಹಿಂದೆ ಜೋತಾಡಿಕೊಂಡು ಜಾತ್ರೆಗೆ ಹೋಗಿದ್ದೇವೆ. ಅಮ್ಮ ಈಗ ಆರಾಮಾಗಿದ್ದಾರೆ. ಆದರೆ ಆ ರಾತ್ರಿ ನಾನು ಬೆಂಗಳೂರಿನಲ್ಲಿ ಫೋನ್ ಹಿಡಿದುಕೊಂಡು ಹಾಲಿನಲ್ಲಿ ಶತಪಥ ಹಾಕುತ್ತಿದ್ದೆನಲ್ಲ, ಆಗ ಹುಟ್ಟಿದ್ದು ಈ ಜೀಪಿನ ಯೋಚನೆ. ಇದನ್ನೆಲ್ಲ ಆಫೀಸಿನಲ್ಲಿ ಹೇಳಲಿಕ್ಕಾಗುತ್ತಾ? ಅದಕ್ಕೇ "ವೀಕೆಂಡ್ ಟ್ರಿಪ್".

* * *

ಹುಡುಕಾಟ ಶುರುವಾದ ಮೇಲೆ ಗೊತ್ತಾದ ಮೊದಲ ಸತ್ಯ ಏನೆಂದರೆ ನನಗೆ ಫೋರ್ ವೀಲ್ ಡ್ರೈವ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ನಾಲ್ಕೂ ಚಕ್ರ ತಿರುಗುತ್ತವೆ, ಎಲ್ಲಿ ಬೇಕಾದರೂ ಹೋಗಬಹುದು.. ಇಷ್ಟೇ ನನ್ನ ಜ್ಞಾನ.

ನಮ್ಮಲ್ಲಿ ಸಿಗುವ ಹಳೆಯ ಜಿಪ್ಸಿ, ಮಹೀಂದ್ರಾ ಜೀಪು, ಥಾರ್‌ಗಳಲ್ಲಿ ಗೇರ್ ಲಿವರಿನ ಪಕ್ಕ ಇನ್ನೊಂದು ಪುಟ್ಟ ಲಿವರ್ ಇರುತ್ತದೆ. ಅದರ ಮೇಲೆ 2ಎಚ್, 4ಎಚ್, 4ಎಲ್ ಅಂತ ಗುರುತು. 2ಎಚ್‌ನಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. 4ಎಚ್‌ಗೆ ಹಾಕಿದರೆ ಮುಂದಿನ ಆಕ್ಸಲ್‌ಗೂ ಸೇರುತ್ತದೆ. 4ಎಲ್ ಅಂದರೆ ಎಲ್ಲ ಗೇರುಗಳನ್ನೂ ಇನ್ನಷ್ಟು ಇಳಿಸಿಬಿಡುವುದು. ಹಳೆಯ ಥಾರ್‌ನಲ್ಲಿ ಅದು ಸುಮಾರು ಎರಡೂವರೆ ಪಟ್ಟು. ಗಾಡಿ ಎರಡೂವರೆ ಪಟ್ಟು ನಿಧಾನ, ಚಕ್ರಕ್ಕೆ ಬರುವ ಬಲ ಎರಡೂವರೆ ಪಟ್ಟು ಹೆಚ್ಚು. ಏರಿಗಿಂತ ಇಳಿಜಾರಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕೆಸರಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. 4ಎಲ್‌ನ ಮೊದಲನೇ ಗೇರಿನಲ್ಲಿ ಕಾಲು ತೆಗೆದು ಕೂತರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ಎರಡನೇ ಸತ್ಯ, ಈ ಲಿವರನ್ನು ಡಾಂಬರಿನ ಮೇಲೆ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಮಣ್ಣಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಹೊಂದಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಆ ಬಿಗಿತವೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ಆಮೇಲೆ ಲಿವರ್ ವಾಪಸ್ ಬರುವುದೇ ಇಲ್ಲ ಅಂತ ಹಟ ಹಿಡಿಯುತ್ತದೆ. ನಾಲ್ಕು ಅಡಿ ರಿವರ್ಸ್ ಹೋದರೆ ಬಿಗಿತ ಸಡಿಲವಾಗಿ ಬರುತ್ತದೆ, ಅದು ಬೇರೆ ಮಾತು.

ಮೂರನೆಯದು ನನ್ನ ಹುರುಪಿಗೆ ತಣ್ಣೀರು ಎರಚಿದ್ದು. ಫೋರ್ ವೀಲ್ ಡ್ರೈವ್ ಇದ್ದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುತ್ತವೆ ಅಂತಿಲ್ಲ! ಪ್ರತಿ ಆಕ್ಸಲಿನ ನಡುವೆ ಇರುವ ಡಿಫರೆನ್ಷಿಯಲ್ ಸುಲಭವಾಗಿ ತಿರುಗುವ ಚಕ್ರವನ್ನೇ ತಿರುಗಿಸುತ್ತದೆ. ಮುಂದಿನ ಒಂದು ಚಕ್ರ, ಹಿಂದೆ ಅದರ ಎದುರು ಮೂಲೆಯ ಚಕ್ರ, ಎರಡೂ ಗಾಳಿಯಲ್ಲಿ ತೂಗಿದರೆ ಅವೆರಡೇ ಗಿರಗಿರ ತಿರುಗುತ್ತವೆ, ನೆಲದಲ್ಲಿರುವ ಎರಡು ಸುಮ್ಮನಿರುತ್ತವೆ. ಅದಕ್ಕೇ ಡಿಫರೆನ್ಷಿಯಲ್ ಲಾಕ್ ಅಂತ ಇನ್ನೊಂದು ವ್ಯವಸ್ಥೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಲಾಕ್ ಇರುವ ಮಾದರಿ ಬಂತು. ಥಾರ್‌ನಲ್ಲಿ 2015ರಿಂದ ಹಿಂದಿನ ಆಕ್ಸಲ್‌ಗೆ ತಾನಾಗೇ ಲಾಕ್ ಆಗುವ ಸೌಲಭ್ಯ ಸಿಕ್ಕಿತು.

ನನ್ನ ಗೆಳೆಯ ಮಾತ್ರ 2014ರ ನಂತರದ ಡಸ್ಟರ್ ಆಲ್ ವೀಲ್ ಡ್ರೈವ್ ನೋಡು ಅಂತ ಹಿಂದೆ ಬಿದ್ದಿದ್ದ. ಕಾರಿನ ಹಾಗೆ ಆರಾಮ, ಹೆದ್ದಾರಿಯಲ್ಲಿ ಸುಖ. ಲೋ ಗೇರ್ ಇಲ್ಲ, ಅದರ ಬದಲು ಮೊದಲನೇ ಗೇರನ್ನೇ ತುಂಬಾ ಚಿಕ್ಕದು ಮಾಡಿದ್ದಾರೆ. ಅವನ ಮಾತು ತಪ್ಪಲ್ಲ. ತೊಂಬತ್ತು ಪಾಲು ಜನಕ್ಕೆ ಅದೇ ಸರಿ ಅಂತ ಈಗಲೂ ಅನ್ನಿಸುತ್ತದೆ. ಆದರೆ ನನಗೆ ಜೀಪಿನ ಗೀಳು ಹತ್ತಿಯಾಗಿತ್ತು.

* * *

ಮೊದಲು ನೋಡಿದ ಗಾಡಿ ಬೆಂಗಳೂರಿನಲ್ಲೇ, 2013ರ ಥಾರ್. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅದನ್ನು ಕಂಡಾಗ ಎದೆ ಝಲ್ಲೆಂದಿತು. ಆಳೆತ್ತರದ ಚಕ್ರ, ಮುಂದೆ ವಿಂಚು, ತಲೆಯ ಮೇಲೆ ಸಾಲು ದೀಪ, ಬದಿಯಲ್ಲಿ ಆನೆ ಸೊಂಡಿಲಿನಂತೆ ಸ್ನಾರ್ಕೆಲ್. ಮಾಲೀಕ ಹುಡುಗ ಒಳ್ಳೆಯವನು, ಕಾಫಿ ಕೊಟ್ಟು ಪ್ರತಿಯೊಂದು ಸಾಮಾನಿನ ಬೆಲೆ ಹೇಳಿದ. ನಾನು "4ಎಲ್‌ಗೆ ಹಾಕಿ ತೋರಿಸ್ತೀರಾ?" ಅಂದೆ. ಅವನು ಪುಟ್ಟ ಲಿವರ್ ಹಿಡಿದು ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಊಹೂಂ. "ಇದು ನಾನು ಯೂಸ್ ಮಾಡೇ ಇಲ್ಲ ಸರ್, ಹೊಸದಿದ್ದಂಗೇ ಇದೆ" ಅಂದ ಹೆಮ್ಮೆಯಿಂದ!

ಬಳಸದೇ ಇಟ್ಟ ಲಿವರ್ ಹೊಸದಾಗಿರುವುದಿಲ್ಲ, ತುಕ್ಕು ಹಿಡಿದಿರುತ್ತದೆ. ಅದಕ್ಕಿಂತ ಮುಖ್ಯ, ಕಂಪನಿ ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮುಂದಿನ ಬುಲ್‌ಬಾರ್‌ಗೆ 2017ರ ಡಿಸೆಂಬರಿನಲ್ಲೇ ಕೇಂದ್ರದಿಂದ ಸೂಚನೆ ಬಂದಿತ್ತು. ನಾಳೆ ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ನೋಡುವುದು ಈ ಅಲಂಕಾರವನ್ನೇ. ಚಕ್ರದ ಅಳತೆ ಬದಲಾದರೆ ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ. ಕಾಫಿ ಚೆನ್ನಾಗಿತ್ತು, ಹೇಳಿ ಬಂದೆ.

ಎರಡನೆಯದು ದೆಹಲಿ ನಂಬರಿನ ದೊಡ್ಡ ಡೀಸೆಲ್ ಗಾಡಿ. ಬೆಲೆ ಕೇಳಿ ನನಗೇ ನಂಬಿಕೆ ಬರಲಿಲ್ಲ, ಅಷ್ಟು ಅಗ್ಗ. ಕಾರಣ ಗೊತ್ತಿರುವುದೇ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಆಯುಷ್ಯ ಮುಗಿದ ಗಾಡಿಗಳು ಹೊಸ ಜನ್ಮ ಹುಡುಕಿಕೊಂಡು ದಕ್ಷಿಣಕ್ಕೆ ಬರತೊಡಗಿದವು. ಆದರೆ ಅಗ್ಗ ಅನ್ನುವುದು ಅರ್ಧ ಲೆಕ್ಕ. ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಫಾರಂ 28 ಬೇಕು. ಇಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಸಾಲ ಇದ್ದಿದ್ದರೆ ತೀರಿದ್ದಕ್ಕೆ ಫಾರಂ 35. ಹೆಸರು ಬದಲಾವಣೆಗೆ 29, 30. ಎಲ್ಲ ಕೂಡಿಸಿದರೆ ಅಗ್ಗ ಕರಗುತ್ತದೆ. ಇದರಲ್ಲಿ ಫೋರ್ ವೀಲ್‌ಗೆ ಲಿವರ್ ಬದಲು ಗುಂಡಿ ಇತ್ತು. ಒತ್ತಿದೆ. ದೀಪ ಮಿಣಿಮಿಣಿ ಮಾಡುತ್ತಲೇ ಇತ್ತು, ನಿಲ್ಲಲಿಲ್ಲ. "ಬರೀ ಸೆನ್ಸರ್ ಸಾರ್, ಐನೂರು ರೂಪಾಯಿ ಕೆಲಸ" ಅಂದರು ಮಾರುವವರು. ಐನೂರರದ್ದಾಗಿದ್ದರೆ ನೀವೇ ಯಾಕೆ ಮಾಡಿಸಲಿಲ್ಲ ಸ್ವಾಮೀ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ಅದೊಂದೇ ಅಂತ ಈಗ ಅನ್ನಿಸುತ್ತದೆ.

ಮೂರನೆಯದು ಹಸಿರು ಜಿಪ್ಸಿ. "ಮಿಲಿಟರಿ ಹರಾಜಿನದು, ಗಟ್ಟಿ ಗಾಡಿ" ಅಂದರು. ಬಣ್ಣವೂ ಅದೇ ಆಲಿವ್ ಹಸಿರು. ರಕ್ಷಣಾ ಇಲಾಖೆಯ ಗಾಡಿಗಳಿಗೆ ಬಿಟ್ಟು ಬೇರೆಯವರು ಆ ಬಣ್ಣ ಹೊಡೆಯುವಂತಿಲ್ಲ ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ. ಬಣ್ಣ ಹೋಗಲಿ, ಬದಲಿಸಬಹುದು. ಆರ್‌ಸಿ ಕೈಯಲ್ಲಿ ಹಿಡಿದು ಚಾಸಿ ನಂಬರ್ ನೋಡೋಣ ಅಂತ ಬಗ್ಗಿದರೆ, ನಂಬರ್ ಇರಬೇಕಾದ ಜಾಗದಲ್ಲಿ ಹೊಸ ಬಣ್ಣ ದಪ್ಪಗೆ ಬಳಿದಿತ್ತು. ಉಗುರಿನಿಂದ ಕೆರೆದೆ. ಕೊನೆಯ ಎರಡು ಅಂಕಿ ಆರ್‌ಸಿಯ ಅಂಕಿಗೆ ಹೊಂದಲಿಲ್ಲ. ಮಾರುವವನು "ಪ್ರಿಂಟ್ ಮಿಸ್ಟೇಕ್" ಅಂದ. ನಾನು "ಹೆಂಡ್ತಿ ಹತ್ರ ಕೇಳಿ ಹೇಳ್ತೀನಿ" ಅಂದೆ. ಇಬ್ಬರೂ ಸುಳ್ಳು ಹೇಳಿ ಬೀಳ್ಕೊಂಡೆವು.

ಹೀಗೇ ಇನ್ನೂ ಮೂರು. ಒಂದರ ಹೊಗೆ ನೀಲಿ, ಅಂದರೆ ಆಯಿಲ್ ಉರಿಯುತ್ತಿದೆ. ಇನ್ನೊಂದರ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣ, ಅಂದರೆ ನೀರು ಹೊಕ್ಕಿದೆ. ಮತ್ತೊಂದು ಎಲ್ಲಾ ಸರಿ ಇತ್ತು, ಮಾಲೀಕನ ಹೆಂಡತಿಗೇ ಮಾರಲು ಇಷ್ಟವಿರಲಿಲ್ಲ :)

* * *

ಬೇಸತ್ತು ಊರಿಗೆ ಹೋದೆ. ಈ ಸಲ ಜೀಪಣ್ಣನನ್ನೇ ಕರೆದುಕೊಂಡು ಹೋಗಿ ಗಾಡಿ ತೋರಿಸೋಣ ಅಂತ ಅವರ ಮನೆಗೆ ಇಳಿದೆ. ಅಂಗಳದ ಕೊಟ್ಟಿಗೆಯಲ್ಲಿ ಜೀಪು ಇರಲಿಲ್ಲ. ಆ ಜಾಗದಲ್ಲಿ ಅಡಿಕೆ ಸಿಪ್ಪೆಯ ರಾಶಿ.

"ಜೀಪ್ ಎಲ್ಲಿ ಅಣ್ಣ? ಗ್ಯಾರೇಜಿಗಾ?"

"ಕೊಟ್ಟೆ ಮಾರಾಯ. ಗುಜರಿಗೆ."

ಆರ್‌ಸಿ ಮುಗಿದಿತ್ತಂತೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಫಿಟ್‌ನೆಸ್. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ ಕಾರು, ಜೀಪುಗಳಿಗೆ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಆದರೆ ಅವರು ಹೇಳಿದ್ದು ದುಡ್ಡಿನ ಮಾತಲ್ಲ. "ಫಿಟ್‌ನೆಸ್ ಮಾಡ್ಸೋಕೆ ಜೀಪಿಗೆ ಇಷ್ಟು ಕೆಲ್ಸ ಮಾಡ್ಸಬೇಕು. ನಂಗೂ ವಯಸ್ಸಾತು. ಮಗ ಮಂಗಳೂರಲ್ಲಿ. ಯಾರಿಗೆ ಅಂತ ಮಾಡ್ಸಲಿ?" ಅಂದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಮ್ಮ, ಅಪ್ಪ ಯಾರೂ ಫೋನಿನಲ್ಲಿ ಹೇಳಿರಲಿಲ್ಲ. ಹೇಳಿದರೆ ನನಗೆ ಚಿಂತೆ ಅಂತ. ಈ ಮಳೆಗಾಲಕ್ಕೆ ಎಂಟು ಮನೆಯ ಕಡೆಗೆ ಒಂದೂ ಜೀಪಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ನಾನು ಬಂದ ವಿಷಯ ಹೇಳಿದೆ. ಕೊಡಚಾದ್ರಿಯ ಕಥೆ ಅವರ ಮುಂದೆಯೂ ಬಿಟ್ಟೆ. ಅವರು ನಕ್ಕರು. "ಕೊಡಚಾದ್ರಿಗೆ ಕೊಲ್ಲೂರಿಂದ, ನಿಟ್ಟೂರಿಂದ ಬಾಡಿಗೆ ಜೀಪು ಹೋಗ್ತವೆ. ಆ ಹುಡುಗರ ಹೊಟ್ಟೆಪಾಡು ಅದು. ಆ ಕಲ್ಲುದಾರಿ ಅವರಿಗೆ ಗೊತ್ತು. ನೀನ್ಯಾಕೆ ನಿನ್ನ ಗಾಡಿ ತಗಂಡು ಹೋಗಿ ಹುಲ್ಲುಗುಡ್ಡದ ಮೇಲೆ ಗೀರು ಹಾಕ್ತೀಯಾ? ಒಂದು ಮಳೆ ಬಿದ್ರೆ ಆ ಗೀರೇ ಕೊರಕಲು." ಆಮೇಲೆ ಕೇಳಿದರು, "ನಿನ್ನ ಗಾಡಿ ಹೆಚ್ಚು ದಿನ ನಿಲ್ಲೋದೆಲ್ಲಿ?"

"ಬೆಂಗಳೂರಲ್ಲಿ. ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ."

"ಹಂಗಾರೆ ಅಲ್ಲಿ ಯಾವ ಕೆಸರು ಅದೆ?"

ಇಷ್ಟೇ ಕೇಳಿದ್ದು. ನಾನು ಸುಮ್ಮನೆ ಕಾಫಿ ಕುಡಿದೆ.

* * *

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಜಿಪ್ಸಿ ಇದೆ ಅಂತ ಪರಿಚಯದವರು ಹೇಳಿದ್ದರು. ಜೀಪಣ್ಣನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದೆ. 2004ರ ಜಿಪ್ಸಿ ಕಿಂಗ್, 1298 ಸಿಸಿ ಪೆಟ್ರೋಲ್ ಇಂಜಿನ್. ಜಿಪ್ಸಿ ಸಾಮಾನ್ಯ ಗ್ರಾಹಕರಿಗೆ ಸಿಗುವುದು 2019ರ ಹೊತ್ತಿಗೆ ನಿಂತಿತು. 1985ರಿಂದ ಅಲ್ಲಿಯ ತನಕ ಆಕಾರ ಹೆಚ್ಚು ಬದಲಾಗದೇ ಬಂದ ಗಾಡಿ. ಅದರ ಜಾಗಕ್ಕೆ ಅನ್ನುವಂತೆ 2023ರ ಜೂನ್‌ನಲ್ಲಿ ಜಿಮ್ನಿ ಬಂತು, ಆದರೆ ಅದು ಸೆಕೆಂಡ್ ಹ್ಯಾಂಡ್ ಆದರೂ ನನ್ನ ಜೇಬಿಗೆ ದೂರ.

ಗಾಡಿ ನೋಡಲು ಏನೇನೂ ಚಂದವಿರಲಿಲ್ಲ. ಬಿಳಿ ಬಣ್ಣ ಮಾಸಿ ಕೆನೆಯ ಬಣ್ಣವಾಗಿತ್ತು. ಎಡಬಾಗಿಲಿಗೆ ಡೆಂಟು. ಹಿಂದಿನ ಸೀಟಿನ ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತಿತ್ತು. ನನಗೆ ಮುಖ ಚಿಕ್ಕದಾಯಿತು. ಜೀಪಣ್ಣ ಮಾತ್ರ ಮೇಲಿನದೇನನ್ನೂ ನೋಡಲೇ ಇಲ್ಲ. ಒಂದು ಗೋಣಿಚೀಲ ಕೇಳಿ ಹಾಸಿಕೊಂಡು ಗಾಡಿಯ ಅಡಿಗೆ ನುಗ್ಗಿದರು. ನನ್ನನ್ನೂ ಕರೆದರು.

ಅಡಿಯಲ್ಲಿ ಮಲಗಿ ಕಲಿತ ಪಾಠ ಇದು. ಚಾಸಿಯ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಬೇಕು. ಠಣ್ ಅಂದರೆ ಗಟ್ಟಿ, ಬೊದ್ ಅಂದರೆ ಒಳಗೆ ತುಕ್ಕು ತಿಂದಿದೆ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿಗಿಂತ ಮಣ್ಣು ಮೆತ್ತಿದ ಚಾಸಿಯೇ ವಾಸಿ, ಏನು ಮುಚ್ಚಿಟ್ಟಿಲ್ಲ ಅಂತಾದರೂ ಗೊತ್ತಾಗುತ್ತದೆ. ಪಟ್ಟೆ ಸ್ಪ್ರಿಂಗಿನ ಎಲೆ ಒಂದಾದರೂ ಮುರಿದಿದೆಯಾ ನೋಡಬೇಕು. ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಚಿದರೆ ಟಕ್ ಟಕ್ ಅನ್ನಬಾರದು, ಅಂದರೆ ಅದರ ಕ್ರಾಸು ಸವೆದಿದೆ. ಡಿಫರೆನ್ಷಿಯಲ್ಲಿನ ಎಣ್ಣೆ ಬೆರಳಿಗೆ ಹಚ್ಚಿ ಉಜ್ಜಿದರೆ ಲೋಹದ ಪುಡಿ ಹೊಳೆಯಬಾರದು. ಮುಂದಿನ ಚಕ್ರದ ಒಳಬದಿಯಲ್ಲಿ ಗ್ರೀಸು, ಎಣ್ಣೆ ಸೋರಿ ಕೆಸರಿನ ಉಂಡೆಯಾಗಿದ್ದರೆ ಸೀಲು ಹೋಗಿದೆ.

ಈ ಗಾಡಿಯ ಹಿಂದಿನ ನೆಲಹಾಸಿನ ಅಡಿಯಲ್ಲಿ ಅಂಗೈ ಅಗಲ ತುಕ್ಕು ಇತ್ತು. ಮಾಲೀಕರು, ವಯಸ್ಸಾದ ಪ್ಲಾಂಟರು, ನಾವು ಕೇಳುವ ಮೊದಲೇ "ಅಲ್ಲೊಂದು ತೂತು ಬಿದ್ದಿದೆ ನೋಡಿದ್ರಾ?" ಅಂದರು. ಒಂದು ನೋಟ್‌ಬುಕ್ ತಂದುಕೊಟ್ಟರು. ಯಾವ ದಿನ ಆಯಿಲ್, ಯಾವ ದಿನ ಕ್ಲಚ್ ಪ್ಲೇಟ್, ಎಲ್ಲ ಕೈಬರಹದಲ್ಲಿ. 2019ರಲ್ಲೊಮ್ಮೆ, 2024ರಲ್ಲೊಮ್ಮೆ ನೋಂದಣಿ ನವೀಕರಣವಾಗಿ 2029ರ ತನಕ ಇತ್ತು. ಒಬ್ಬರೇ ಮಾಲೀಕರು, ಚಾಸಿ ನಂಬರ್ ಅಂಕಿ ಅಂಕಿಯೂ ಸರಿ.

ಆಮೇಲೆ ತೋಟದ ದಾರಿಯಲ್ಲಿ ಓಡಿಸಿದೆವು. ಲಿವರ್ ಬೆರಳಿನಲ್ಲಿ ತಳ್ಳಿದಷ್ಟು ಸಲೀಸಾಗಿ 4ಎಚ್‌ಗೆ ಹೋಯಿತು, ನಿಲ್ಲಿಸಿ ತಳ್ಳಿದರೆ 4ಎಲ್‌ಗೆ. ಮೊದಲನೇ ಗೇರಿನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಮುಟ್ಟದೇ ಕೂತೆ. ಜಿಪ್ಸಿ ಬಸುರಿ ಎಮ್ಮೆಯ ಹಾಗೆ ನಿಧಾನವಾಗಿ, ಒಂದೇ ಗತಿಯಲ್ಲಿ ಏರು ಹತ್ತತೊಡಗಿತು. ಜೀಪಣ್ಣ ಹೊರಗೆ ಬಗ್ಗಿ ನಡೆಯುತ್ತಾ ಮುಂದಿನ ಶಾಫ್ಟ್ ತಿರುಗುತ್ತಿದೆಯಾ ನೋಡುತ್ತಿದ್ದರು. "ಒಂದು ಟನ್ ಆಸುಪಾಸು ಗಾಡಿ, ಹಗುರ. ಹಗುರ ಗಾಡಿ ಹುಗಿಯಲ್ಲ. ಹುಗಿದ್ರೂ ನಾಲ್ಕು ಜನ ಎತ್ತಿ ಆಚೆ ಇಡಬಹುದು. ಎರಡು ಟನ್ನಿನ ಗಾಡಿ ಹುಗಿದ್ರೆ ನಿಮ್ಮಪ್ಪ ಯಾರನ್ನ ಕರೀತಾರೆ?" ಅಂದರು.

ಮೂರೂವರೆ ಲಕ್ಷ ಹೇಳಿದ್ದರು. ತುಕ್ಕಿನ ತೂತು ತೋರಿಸಿ ಮೂರು ಲಕ್ಷದ ಹತ್ತು ಸಾವಿರಕ್ಕೆ ಇಳಿಸಿದೆ.

* * *

ಈಗ ಲೆಕ್ಕಕ್ಕೆ ಬನ್ನಿ. ಜಿಪ್ಸಿ ಲೀಟರಿಗೆ ಹತ್ತು ಕಿ.ಮೀ. ಕೊಟ್ಟರೆ ದೊಡ್ಡದು. ಬೆಂಗಳೂರಿನಿಂದ ಊರಿಗೆ ಹೋಗಿ ಬರಲು ಎಪ್ಪತ್ತಕ್ಕೂ ಹೆಚ್ಚು ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಒಂದು ವೀಕೆಂಡಿಗೆ ಏಳು ಸಾವಿರ. ಜೊತೆಗೆ ಪಟ್ಟೆ ಸ್ಪ್ರಿಂಗಿನ ಕುಲುಕಾಟ. ಸಕಲೇಶಪುರದಿಂದ ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಮೇಲೆ ಊರಿಗೆ ತರುವಷ್ಟರಲ್ಲೇ ನನ್ನ ಸೊಂಟ ರಾಜೀನಾಮೆ ಬರೆದಿತ್ತು. ಜೀಪಣ್ಣ ಮಾತ್ರ ಅರ್ಧ ದಾರಿ ತಾವೇ ಓಡಿಸುತ್ತಾ ಹಳೆಯ ಸಿನಿಮಾ ಹಾಡು ಗುನುಗುತ್ತಿದ್ದರು.

ಈ ಗಾಡಿ ಬೇಕಾಗಿರುವುದು 350 ಕಿ.ಮೀ.ಗಲ್ಲ, ಎರಡು ಕಿ.ಮೀ.ಗೆ. 350ಕ್ಕೆ ರೈಲಿದೆ. ರಾತ್ರಿ ತಾಳಗುಪ್ಪದ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಸಾಗರ, ಅಲ್ಲಿಂದ ಬಸ್ಸು. ಜಿಪ್ಸಿ ಬೆಂಗಳೂರಿನಲ್ಲಿ ನಿಂತರೆ ವಾರದ ಐದು ದಿನ ಧೂಳು ತಿನ್ನುತ್ತದೆ, ಲಿವರಿಗೆ ಆ ಥಾರ್‌ನ ಗತಿಯೇ. ಮುಖ್ಯವಾಗಿ, ಜುಲೈನ ಒಂದು ರಾತ್ರಿ ಎರಡು ಗಂಟೆಗೆ ಅಪ್ಪ ಫೋನ್ ಮಾಡಿದರೆ ನನ್ನ ನೆಲಮಾಳಿಗೆಯಲ್ಲಿರುವ ಫೋರ್ ವೀಲ್ ಡ್ರೈವ್ ಅವರಿಗೆ ಯಾವ ಪ್ರಯೋಜನಕ್ಕೆ?

ಹಾಗಾಗಿ ಜಿಪ್ಸಿ ಊರಲ್ಲೇ ಉಳಿಯಿತು, ಜೀಪಣ್ಣನ ಕೊಟ್ಟಿಗೆಯಲ್ಲಿ. ಅಡಿಕೆ ಸಿಪ್ಪೆ ಬೇರೆ ಕಡೆ ಹೋಯಿತು. ಒಂದು ಕೀ ಅವರ ಹತ್ತಿರ, ಒಂದು ನಮ್ಮನೆಯ ದೇವರ ಕೋಣೆಯ ಮೊಳೆಗೆ. ಸಾಗರದ ಮೆಕ್ಯಾನಿಕ್ ಒಬ್ಬರಿಗೆ ಈ ಗಾಡಿಯ ನರನಾಡಿ ಗೊತ್ತು. ನೆಲದ ತೂತಿಗೆ ತಗಡು ಬೆಸೆದರು. ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥನಾಲ್ ಬೆರೆಯುತ್ತಿರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿಕೊಟ್ಟರು. ನಾನು ಸೇರಿಸಿದ್ದು ಎರಡೇ, ಮಣ್ಣು ದಾರಿಗೆ ಹಿಡಿತವಿರುವ, ಕಂಪನಿ ಹೇಳಿದ ಅಳತೆಯದೇ ಹೊಸ ಟೈರುಗಳು ಮತ್ತು ಒಂದು ಎಳೆಯುವ ಹಗ್ಗ. ವಿಂಚಿಲ್ಲ, ದೀಪದ ಸಾಲಿಲ್ಲ. ಕೆಸರಿನಲ್ಲಿ ಸವೆದ ಟೈರಿನ ಫೋರ್ ವೀಲ್ ಗಾಡಿ ಅಂದರೆ ನಾಲ್ಕೂ ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡ ಹಾಗೆ ಅಂತ ಜೀಪಣ್ಣನ ಅಭಿಪ್ರಾಯ. ಇನ್ಶೂರೆನ್ಸ್‌ನ ನೆನಪು ನನ್ನ ಫೋನಿನಲ್ಲಿದೆ, ಬಾಡಿಗೆಗೆ ಮಾತ್ರ ಓಡಿಸುವಂತಿಲ್ಲ ಅಂತ ಎಲ್ಲರಿಗೂ ಹೇಳಿಯಾಗಿದೆ. ಬಿಳಿ ಬೋರ್ಡಿನ ಗಾಡಿ ಅದು.

ಗೆಳೆಯನಿಗೆ ಹೇಳಿದಾಗ ಅವನಿಗೆ ಅರ್ಥವೇ ಆಗಲಿಲ್ಲ. "ಮೂರು ಲಕ್ಷ ಕೊಟ್ಟು ಗಾಡಿ ತಗೊಂಡು ಊರಲ್ಲಿ ಬಿಟ್ಟು ಬಂದ್ಯಾ? ವೀಕೆಂಡ್ ಟ್ರಿಪ್ಪು?" ಅಂದ. ವೀಕೆಂಡ್ ಟ್ರಿಪ್ಪು ನಡೆಯುತ್ತಲೇ ಇದೆ, ತಿಂಗಳಿಗೆರಡು ಸಲ. ಮೊದಲಿಗಿಂತ ಹೆಚ್ಚೇ.

ಜೂನ್ ಕೊನೆಯ ವಾರ ಹೋಗಿದ್ದೆ. ಮೂರು ದಿನದಿಂದ ಬಿಡದೆ ಹೊಡೆಯುತ್ತಿದ್ದ ಮಳೆ. ಬಸ್ಸಿಳಿದರೆ ಅಂಗಡಿಯ ಮುಂದೆ ಜಿಪ್ಸಿ ನಿಂತಿತ್ತು, ಡ್ರೈವರ್ ಸೀಟಿನಲ್ಲಿ ಜೀಪಣ್ಣ, ಪಕ್ಕದಲ್ಲಿ ಅಪ್ಪ. ಹಿಂದೆ ಮೇಲಿನ ಮನೆಯ ಅಜ್ಜಿ, ಡಾಕ್ಟರಿಗೆ ತೋರಿಸಿಕೊಂಡು ಬಂದವರು, ಎರಡು ಚೀಲ ದನದ ಹಿಂಡಿ, ಒಂದು ಗ್ಯಾಸ್ ಸಿಲಿಂಡರ್. ನನಗೆ ಜಾಗವೇ ಇರಲಿಲ್ಲ!

"ಹಿಂದೆ ಜೋತ್ಕ ಮಾರಾಯ, ಹಳ್ಳದ ತನಕ" ಅಂದರು ಜೀಪಣ್ಣ.

ಹಳ್ಳದ ಹತ್ತಿರ ಅವರು ನಿಲ್ಲಿಸಿ ಪುಟ್ಟ ಲಿವರ್ ಹಿಂದಕ್ಕೆಳೆದ ಸದ್ದು ಕೇಳಿಸಿತು. ನೀರು ಚಕ್ರದ ಅರ್ಧಕ್ಕಿತ್ತು. ಅವರು ಇಳಿದು, ಕೋಲು ಹಿಡಿದು ನಡುವಿನ ತನಕ ನಡೆದು ನೋಡಿ, ವಾಪಸ್ ಬಂದು ಕೂತರು. ಆಮೇಲೇ ಗಾಡಿ ಇಳಿಸಿದ್ದು. ನಲವತ್ತು ವರ್ಷದಿಂದ ದಾಟುತ್ತಿರುವ ಹಳ್ಳ, ಆದರೂ. ಜಿಪ್ಸಿ ನಿಧಾನವಾಗಿ ಆಚೆ ದಡ ಹತ್ತಿತು. ಅಜ್ಜಿ ಹಿಂಡಿ ಚೀಲದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಮನೆಯ ಅಂಗಳದಲ್ಲಿ ಇಳಿದಾಗ ಅಪ್ಪ ಗಾಡಿಯ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದರು. ಹೊಸ ಎತ್ತಿನ ಬೆನ್ನು ಸವರುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಸೊಂಟಕ್ಕೆ ಎಣ್ಣೆ ಹಚ್ಕತೀಯಾ?" ಅಂದರು.